ಭೀಮೆಯ ದಂಡೆಯಲ್ಲಿ ಎಳೆಯ ಗಾಯಗಳ ಚರಿತ್ರೆ

ಅಮಾವಾಸ್ಯೆ ಬಂತೆಂದರೆ ಅಫಜಲಪುರ ತಾಲ್ಲೂಕಿನ ಘತ್ತರಗಿಯ ದಾರಿ ತುಂಬಿಹೋಗುತ್ತದೆ. ಭೀಮಾ ನದಿಯ ದಂಡೆಯ ಭಾಗ್ಯವಂತಿ ದೇವಿಯ ಗುಡಿಗೆ ಕಲಬುರಗಿ, ವಿಜಯಪುರ ಜಿಲ್ಲೆಗಳಿಂದಷ್ಟೇ ಅಲ್ಲ, ಸೋಲಾಪುರದ ಕಡೆಯಿಂದಲೂ ತೆಲಂಗಾಣದ ಕಡೆಯಿಂದಲೂ ಜನ ಬರುತ್ತಾರೆ. ಹೊಳೆಯಲ್ಲಿ ಮುಳುಗಿ ಹಸಿ ಬಟ್ಟೆಯಲ್ಲೇ ದೀಡ ನಮಸ್ಕಾರ ಹಾಕುವವರು, ಉಡಿ ತುಂಬುವವರು, ಬೇಡಿಕೊಂಡ ಹರಕೆ ತೀರಿಸುವವರು. ಮಗುವಿಗೆ ಜ್ವರ ಬಿಡಲಿ ಎಂದು ಬಂದವರ ಪಕ್ಕದಲ್ಲೇ ಮಗ ಕುಡಿತ ಬಿಡಲಿ ಎಂದು ಬಂದ ತಾಯಿಯೂ ಇರುತ್ತಾಳೆ.

ಇದೇ ತಾಲ್ಲೂಕಿನ ಇನ್ನೊಂದು ಕ್ಷೇತ್ರ ದೇವಲ ಗಾಣಗಾಪುರ. ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಈ ದತ್ತ ಕ್ಷೇತ್ರಕ್ಕೆ 'ಗಾಳಿ ಬಡಿದವರನ್ನು' ಕರೆತರುವ ವಾಡಿಕೆ ತಲೆಮಾರುಗಳಿಂದ ಇದೆ. ಮಹಾಮಂಗಳಾರತಿಯ ಹೊತ್ತಿಗೆ ಕಂಬ ಹಿಡಿದು ಕೂಗುವ, ಹೊರಳಾಡುವ ಮಂದಿಯನ್ನು ನೋಡಿದವರು ಬಹಳ. ಹೀಗೆ ಕೂಗುವವರಲ್ಲಿ ಎಳೆಯ ವಯಸ್ಸಿನ ಹೆಣ್ಣುಮಕ್ಕಳೂ ಇರುವುದು ಯೋಚಿಸಬೇಕಾದ ಸಂಗತಿ. ಮೈಯ ಕಾಯಿಲೆಗೆ ಡಾಕ್ಟರು, ಮನಸ್ಸಿನ ಕಾಯಿಲೆಗೆ ದೇವರು ಎಂಬ ಕೆಲಸದ ಹಂಚಿಕೆಯನ್ನು ಈ ಸೀಮೆ ಬಹಳ ಹಿಂದೆಯೇ ಮಾಡಿಕೊಂಡಿತ್ತು. ಮನೋವೈದ್ಯರೇ ಇಲ್ಲದ ಕಾಲದಲ್ಲಿ ಬೇರೆ ದಾರಿಯಾದರೂ ಯಾವುದಿತ್ತು?

ಬಾಲ್ಯದಲ್ಲಿ ಬಿದ್ದ ಪೆಟ್ಟನ್ನು ವೈದ್ಯಕೀಯ ಬರಹಗಳು 'ಮಾನಸಿಕ ಆಘಾತ' ಎನ್ನುತ್ತವೆ. ಭೀಮಾ ತೀರದ ಮಾತಿನಲ್ಲಿ ಅದಕ್ಕೆ ಇನ್ನೂ ಸಹಜವಾದ ನುಡಿಗಳಿವೆ. 'ಅಂಜಿಕೊಂಡಾನ' ಎನ್ನುತ್ತಾರೆ, 'ಎದಿ ಒಡದದ' ಎನ್ನುತ್ತಾರೆ. ಹೀಗೆ ಎದೆ ಒಡೆದ ಮಗು ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಸಾರಾಯಿಗೋ ಎಚ್‌ಐವಿ ಸೋಂಕಿಗೋ ಸುಲಭವಾದ ತುತ್ತಾಗುವುದೇಕೆ? ಆ ದಾರಿಯನ್ನು ಕಟ್ಟಲು ನಮ್ಮ ನಾಡು ಏನೇನು ಮಾಡಿತು, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ? ಈ ಚರಿತ್ರೆಯ ತುಂಡುಗಳು ಚದುರಿಬಿದ್ದಿವೆ. ಅವನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನವಿದು.

ಮೊದಲು ದೂರದ ಒಂದು ಊರಿನ ಮಾತು. ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜು ಇಳಿಸುವ ಚಿಕಿತ್ಸಾಲಯವೊಂದನ್ನು ನಡೆಸುತ್ತಿದ್ದರು. ಚಿಕಿತ್ಸೆ ಚೆನ್ನಾಗಿ ನಡೆದು ತೂಕ ಇಳಿಯುತ್ತಿದ್ದವರೇ ನಡುವೆ ಬಿಟ್ಟುಹೋಗುವುದು ಅವರಿಗೆ ಒಗಟಾಗಿತ್ತು. ಕೂಡಿಸಿ ಮಾತನಾಡಿಸಿದಾಗ ಅವರಲ್ಲಿ ಅನೇಕರು ಎಳವೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದವರೆಂಬುದು ತಿಳಿಯಿತು. ಫೆಲಿಟ್ಟಿಯವರೂ ರಾಬರ್ಟ್ ಆಂಡಾ ಅವರೂ ಸೇರಿ ಸಾವಿರಾರು ಜನರನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈಗ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಹೊಡೆತ, ಅತ್ಯಾಚಾರ, ಮನೆಯಲ್ಲಿ ಕುಡುಕರು, ತಾಯಿಗೆ ಬೀಳುವ ಏಟು, ಇಂಥ ಅನುಭವಗಳಲ್ಲಿ ನಾಲ್ಕಾರು ಬಗೆಯವನ್ನು ಕಂಡ ಮಗು ದೊಡ್ಡದಾದ ಮೇಲೆ ಮದ್ಯವ್ಯಸನ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳಿಗೆ ಸಿಕ್ಕುವ ಸಂಭವ ಉಳಿದವರಿಗಿಂತ 4ರಿಂದ 12 ಪಟ್ಟು ಹೆಚ್ಚು ಎಂದು ಅವರು ಕಂಡುಕೊಂಡರು. ಅನೇಕ ಲೈಂಗಿಕ ಸಂಗಾತಿಗಳು, ಲೈಂಗಿಕ ರೋಗಗಳು ಕೂಡ ಆ ಪಟ್ಟಿಯಲ್ಲಿದ್ದವು. ನಾವು 'ಕೆಟ್ಟ ಚಟ' ಎಂದು ಕರೆಯುವುದು ಅನೇಕ ವೇಳೆ ನೋವಿಗೆ ತಾನೇ ಮಾಡಿಕೊಂಡ ಔಷಧಿ ಎಂಬುದು ಫೆಲಿಟ್ಟಿಯವರ ತೀರ್ಮಾನ.

ಸ್ಯಾನ್ ಡಿಯೇಗೊದ ವಿಚಾರಣೆಗೆ ಬಂದವರು ಬಹುಮಟ್ಟಿಗೆ ಓದುಬರಹ ಬಲ್ಲ, ಆರೋಗ್ಯ ವಿಮೆಯುಳ್ಳ ಮಧ್ಯಮ ವರ್ಗದ ಮಂದಿ. ಅವರ ಮನೆಗಳಲ್ಲೇ ಇಷ್ಟಿದ್ದರೆ ಭೀಮಾ ತೀರದ ಬಡವರ ಮನೆಗಳಲ್ಲಿ ಎಷ್ಟಿರಬೇಡ?

ಕಂಡ ಗಾಯ, ಕಾಣದ ಗಾಯ

ಈ ಸೀಮೆ ದೊಡ್ಡ ಆಘಾತಗಳನ್ನು ಕಂಡಿದೆ. 1947-48ರಲ್ಲಿ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಪ್ರತೀಕಾರದ ಹಿಂಸೆ. ಕೇಂದ್ರ ಸರ್ಕಾರ ಕಳುಹಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಆ ಹಿಂಸೆಯಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿತು. ತೀರ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳ ಜೊತೆ ಗುಲ್ಬರ್ಗವನ್ನೂ ಹೆಸರಿಸಿತು. ಅಪಹರಣ, ಅತ್ಯಾಚಾರಗಳ ಪ್ರಸ್ತಾಪವೂ ಆ ವರದಿಯಲ್ಲಿದೆ. ಎರಡೂ ಕಡೆಯ ಹಿಂಸೆಯನ್ನು ಕಣ್ಣಾರೆ ಕಂಡ ಮಕ್ಕಳ ಮನಸ್ಸಿನಲ್ಲಿ ಏನು ಉಳಿಯಿತೆಂದು ಆಗ ಯಾರೂ ಕೇಳಲಿಲ್ಲ. ಕೇಳುವ ವಿದ್ಯೆಯೇ ಆಗ ನಮ್ಮಲ್ಲಿರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಕಲ್ಲು ಮಣ್ಣಿನ ಮನೆಗಳಡಿ ನಿದ್ದೆಯಲ್ಲೇ ಸತ್ತರು. ಆ ಹೊತ್ತಿಗೆ ಕಾಲ ಸ್ವಲ್ಪ ಬದಲಾಗಿತ್ತು. 1984ರ ಭೋಪಾಲ್ ದುರಂತದ ನಂತರ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮೊದಲಾದವರು ದುರಂತಗಳಲ್ಲಿ ಬದುಕುಳಿದವರ ಮನಸ್ಸಿನ ಕಡೆ ದೇಶದ ಗಮನ ಸೆಳೆದಿದ್ದರು. ಭೂಕಂಪದಲ್ಲಿ ನೊಂದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆ ಪುಣೆಗೆ ಕರೆದೊಯ್ದು ಓದಿಸಿತು. ಮಲಗಲು ಖಾಯಂ ಜಾಗ, ಹೊತ್ತಿಗೆ ಸರಿಯಾದ ಊಟ, ಶಾಲೆ, ಹೆಸರು ಹಿಡಿದು ಕರೆಯುವ ಹಿರಿಯರು ಒಂದೇ ಕಡೆ ಸಿಕ್ಕರೆ ಮಗುವಿನ ಮನಸ್ಸಿಗೆ ಬಹುಪಾಲು ಚಿಕಿತ್ಸೆ ಸಿಕ್ಕಂತೆಯೇ. ಈ ಮಾತು ಈಗ ಮನೋವೈದ್ಯದ ಪಠ್ಯಗಳಲ್ಲೂ ಇದೆ.

ಭೂಕಂಪದ ಗಾಯ ಎಲ್ಲರಿಗೂ ಕಾಣುತ್ತದೆ. ಊರೇ ಕೂಡಿ ಮಾಡುವ, ದೇವರ ಹೆಸರಿನಲ್ಲಿ ಮಾಡುವ ಗಾಯ ಯಾರಿಗೂ ಕಾಣುವುದಿಲ್ಲ. ಅಂಥದ್ದೊಂದು, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ.

ಹೊಳೆಯ ಈಚೆಗೆ ಬಾರದ ಕಾಯ್ದೆ

ಸ್ವಾತಂತ್ರ್ಯಪೂರ್ವದಲ್ಲಿ ಭೀಮಾ ನದಿ ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಆಚೆಯ ಇಂಡಿ, ಸಿಂದಗಿ ಸೀಮೆ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಈಚೆಯ ಅಫಜಲಪುರ, ಆಳಂದ ನಿಜಾಮರ ರಾಜ್ಯಕ್ಕೆ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಮುಂಬಯಿ ಪ್ರಾಂತ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ತಂದಿತು. ಮದರಾಸಿನಲ್ಲಿ 1947ರಲ್ಲಿ ಕಾಯ್ದೆಯಾಯಿತು. ಮುಂಬಯಿ ಕಾಯ್ದೆ ಹೊಳೆ ದಾಟಿ ಈಚೆಗೆ ಬರುವಂತಿರಲಿಲ್ಲ. ಒಂದೇ ಭಾಷೆ, ಒಂದೇ ಜಾತ್ರೆ, ಒಂದೇ ನಂಬಿಕೆ. ಒಂದು ದಂಡೆಯಲ್ಲಿ ಅಪರಾಧವಾದದ್ದು ಇನ್ನೊಂದು ದಂಡೆಯಲ್ಲಿ ಹರಕೆ. ಆಚೆಯ ದಂಡೆಯಲ್ಲೂ ಕಾಯ್ದೆ ಬಹುತೇಕ ಕಾಗದದಲ್ಲೇ ಉಳಿಯಿತೆನ್ನಿ. ಕನ್ನಡ ನಾಡಿಗೆಲ್ಲ ಅನ್ವಯಿಸುವ ಒಂದೇ ಕಾನೂನು ಬರಲು 1982ರವರೆಗೆ ಕಾಯಬೇಕಾಯಿತು. ಆ ವರ್ಷ ಶಾಸನಸಭೆ ಒಪ್ಪಿದ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಸೆರೆವಾಸ, ಕಟ್ಟಿಸಿದವರು ಹೆತ್ತವರೋ ಬಂಧುಗಳೋ ಆದರೆ 2ರಿಂದ 5 ವರ್ಷ ಎಂದು ಅದು ವಿಧಿಸಿತು.

ಮುತ್ತು ಕಟ್ಟುವುದಕ್ಕೆ ಕಾರಣಗಳು ಹಲವು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳಲು ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳುವ ಉಪಾಯ ಒಂದು. ವಾಸಿಯಾಗದ ಕಾಯಿಲೆ, ತೀರದ ಸಾಲ ಇನ್ನೊಂದು. ಎಣ್ಣೆ, ಸೀಗೆಕಾಯಿ ಕಾಣದ ಕೂದಲು ಗಂಟುಗಟ್ಟಿದರೆ ಅದನ್ನು ಎಲ್ಲಮ್ಮನ ಜಡೆ, ದೇವಿ ಕರೆದಳು ಎಂದು ಓದುವ ನಂಬಿಕೆ ಮತ್ತೊಂದು. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ದೇವಿಯ ಹೆಸರು ಊರಿಗೊಂದು. ಮುತ್ತು ಬೀಳುವ ಕೊರಳು ಮಾತ್ರ ಹೆಚ್ಚಾಗಿ ದಲಿತ ಕೇರಿಯದೇ. ಎಲ್ಲಮ್ಮನ ಗುಡ್ಡದ ಭಾರತ ಹುಣ್ಣಿಮೆಯ ಜಾತ್ರೆಯ ಮೇಲೆ ಪೊಲೀಸರ ಕಣ್ಣು ಬಿದ್ದ ಮೇಲೆ ಮುತ್ತು ಮನೆಯೊಳಗೆ, ಜೋಗತಿಯರ ಪಡಸಾಲೆಯಲ್ಲಿ ಗುಟ್ಟಾಗಿ ಬೀಳತೊಡಗಿತು.

ಇದನ್ನು ಆ ಹುಡುಗಿಯ ಕಡೆಯಿಂದ ನೋಡಬೇಕು. ಮುತ್ತು ಬೀಳುವಾಗ ಏಳೆಂಟು ವರ್ಷ. ಹೊಸ ಸೀರೆ, ಹಸಿರು ಬಳೆ, ಊಟ, ಹಾಡು, ಎಲ್ಲರ ಕಣ್ಣು ತನ್ನ ಮೇಲೆ. ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬ ಮನೆಗೆ ಬರುತ್ತಾನೆ. ಹೆತ್ತವರು ಹೊರಗೆ ಹೋಗಿ ಕೂಡುತ್ತಾರೆ. ತನಗೆ ಆದದ್ದನ್ನು ಹೇಳಿಕೊಳ್ಳಲು ಅವಳಿಗೆ ಒಂದು ಮಾತೂ ಇಲ್ಲ, ಏಕೆಂದರೆ ಅವಳ ಜಗತ್ತಿನಲ್ಲಿ ಅದಕ್ಕೆ ಸೇವೆ ಎಂದು ಹೆಸರು. ಕರ್ನಾಟಕದ ಸುಮಾರು 1,600 ಲೈಂಗಿಕ ಕಾರ್ಯಕರ್ತೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 26 ಪ್ರತಿಶತ ಮಂದಿ ದೇವದಾಸಿ ಪದ್ಧತಿಯ ಮೂಲಕ ಈ ವೃತ್ತಿಗೆ ಬಂದವರು. ಅವರು ವೃತ್ತಿಗೆ ಬಿದ್ದಾಗಿನ ಸರಾಸರಿ ವಯಸ್ಸು 15.7 ವರ್ಷ. ಉಳಿದವರದು 21.8. ಈ ಆರು ವರ್ಷಗಳ ಅಂತರದಲ್ಲೇ ನಮ್ಮ ಕಥೆಯ ಬಹುಭಾಗ ಅಡಗಿದೆ. ಹದಿನೈದರ ಮೈ ಇನ್ನೂ ಬಲಿತಿರುವುದಿಲ್ಲ, ಗಾಯವಾಗುವುದು ಸುಲಭ, ಸೋಂಕು ಹೊಗುವುದೂ ಸುಲಭ. 'ನಿರೋಧ್ ಹಾಕಿಕೋ' ಎಂದು ನಲವತ್ತರ ಗಂಡಸಿಗೆ ಹೇಳುವ ಧೈರ್ಯ ಆ ವಯಸ್ಸಿಗೆ ಎಲ್ಲಿಂದ ಬರಬೇಕು?

ಅಲ್ಲಿಂದ ಮುಂದೆ ಬಸ್ಸು, ರೈಲು. ಮಳೆ ನಂಬದ ಈ ಸೀಮೆಯಿಂದ ಗುಳೆ ಹೋಗುವುದು ಹೊಸದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಿಂದ, ಕೇರಿಗಳಿಂದ ಜನ ಸೋಲಾಪುರ, ಪುಣೆ, ಮುಂಬಯಿಗಳಿಗೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುತ್ತಾರೆ. ಅದೇ ದಾರಿಯಲ್ಲಿ ಉತ್ತರ ಕರ್ನಾಟಕದ ಹುಡುಗಿಯರು ಸಾಂಗ್ಲಿಯ, ಪುಣೆಯ, ಮುಂಬಯಿಯ ವೇಶ್ಯಾಗೃಹಗಳನ್ನು ಸೇರಿದರು. ಸಾಂಗ್ಲಿಯ ಗೋಕುಲನಗರದ ಗಲ್ಲಿಗಳಲ್ಲಿ ಮನೆಮಾತು ಕನ್ನಡ.

ಸೇಂದಿ, ಸಾರಾಯಿ, ಜೋಳಿಗೆ

ಈಶಾನ್ಯದ ಮಣಿಪುರದಲ್ಲಿ ಎಚ್‌ಐವಿ ಹರಡಿದ್ದು ಹೆರಾಯಿನ್ ಚುಚ್ಚಿಕೊಳ್ಳುವ ಸೂಜಿಯಿಂದ. ಅಲ್ಲಿ ವ್ಯಸನಕ್ಕೂ ಸೋಂಕಿಗೂ ನೇರ ಸಂಬಂಧ. ನಮ್ಮ ಕಡೆ ಆ ಸಂಬಂಧ ಸುತ್ತುಬಳಸಿನದು, ಅದಕ್ಕೇ ಅದು ಬಹಳ ಕಾಲ ಕಣ್ಣಿಗೆ ಬೀಳಲಿಲ್ಲ. ಇಲ್ಲಿನ ವ್ಯಸನ ಗಂಟಲಿನಲ್ಲಿ ಇಳಿಯುವಂಥದು. ಕುಡಿದ ಗಿರಾಕಿ ನಿರೋಧ್ ಮಾತು ಕೇಳುವುದಿಲ್ಲ. ಕುಡಿಯದೆ ಆ ಕೆಲಸಕ್ಕೆ ಮೈ ಒಡ್ಡಲಾಗದು ಎಂದು ಹೆಂಗಸೂ ಕುಡಿಯುತ್ತಾಳೆ. ಕುಡಿದ ಗಂಡ ಹೆಂಡತಿಯನ್ನು ಹೊಡೆಯುವುದನ್ನು ಮೂಲೆಯಲ್ಲಿ ಕೂತ ಮಗು ನೋಡುತ್ತದೆ. ಸೋಂಕು ತಗಲಿದ ಮೇಲೂ ಕುಡಿತ ಬಿಡದವನು ಗುಳಿಗೆ ನುಂಗುವುದನ್ನು ಮರೆಯುತ್ತಾನೆ.

ನಿಜಾಮರ ರಾಜ್ಯದಲ್ಲಿ ಅಬಕಾರಿ ದೊಡ್ಡ ಆದಾಯದ ಬಾಬು. ಸೇಂದಿ, ಸಾರಾಯಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಎಷ್ಟು ಬೇರೂರಿತ್ತೆಂದರೆ ಈ ಭಾಗದಲ್ಲಿ ಗುತ್ತೇದಾರ ಎಂಬ ಮನೆತನದ ಹೆಸರು ಇಂದಿಗೂ ಮನೆಮಾತು. ಆಮೇಲಿನ ಸರ್ಕಾರಗಳೂ ಈ ವರಮಾನವನ್ನು ಬಿಡಲಿಲ್ಲ. ಈಚಲ ಮರದ ಸೇಂದಿಗೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ರಾಸಾಯನಿಕ ಬೆರೆಸುವ ದಂಧೆ ಬೆಳೆಯಿತು. ಅದನ್ನು ರೂಢಿ ಮಾಡಿಕೊಂಡವರಿಗೆ ಒಂದು ದಿನ ಸಿಗದಿದ್ದರೆ ಕೈ ನಡುಕ, ಬಡಬಡಿಕೆ. 2007ರ ಜುಲೈ 1ರಂದು ಕರ್ನಾಟಕ ಸಾರಾಯಿ ಮಾರಾಟವನ್ನು ನಿಲ್ಲಿಸಿತು. ಪಾಕೀಟು ಹೋಯಿತು, ಅಗ್ಗದ ವಿಸ್ಕಿಯ ಡಬ್ಬಿ ಬಂತು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಮದ್ಯ ಸಿಗುತ್ತದೆಂದು ಸಿಟ್ಟಾದ ಸಾವಿರಾರು ಹೆಂಗಸರು, ಅವರಲ್ಲಿ ಈ ಭಾಗದವರೇ ಬಹಳ, 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು.

ವ್ಯಸನದ ವಿರುದ್ಧ ಈ ನೆಲದಲ್ಲೇ ಹುಟ್ಟಿದ ಪ್ರಯತ್ನವೆಂದರೆ ಇಳಕಲ್ಲಿನ ಮಹಾಂತ ಜೋಳಿಗೆ. ಚಿತ್ತರಗಿ ಇಳಕಲ್ಲ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಭಿಕ್ಷೆಗೆ ಹೊರಟರು. ಅವರು ಬೇಡಿದ್ದು ಜನರ ದುಶ್ಚಟಗಳನ್ನು. 'ನಿನ್ನ ಚಟವನ್ನು ಈ ಜೋಳಿಗೆಗೆ ಹಾಕು' ಎಂದರೆ ಜನ ಬೀಡಿ ಕಟ್ಟು, ತಂಬಾಕಿನ ಚೀಲ, ಶೀಷೆ ತಂದು ಹಾಕುತ್ತಿದ್ದರು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಇದನ್ನು ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡುಕನನ್ನು ಬೈಯದೆ ಅವನ ಮುಂದೆ ತಾನೇ ಬೇಡುವವನಾಗಿ ನಿಲ್ಲುವ ಈ ಕ್ರಮದಲ್ಲಿ ದೊಡ್ಡ ತಿಳಿವಳಿಕೆಯಿದೆ ಎಂದು ನನಗೆ ತೋರುತ್ತದೆ. ಅವಮಾನದಿಂದ ಕುಡಿಯುವವನಿಗೆ ಇನ್ನಷ್ಟು ಅವಮಾನ ಮದ್ದಾಗದು. ಆದರೆ ಜೋಳಿಗೆಗೆ ಹಾಕಿದ ಚಟ ಮತ್ತೆ ಮನೆಗೆ ಬರದಂತೆ ತಿಂಗಳು ತಿಂಗಳು ಕೈಹಿಡಿದು ನಡೆಸುವವರು ಊರಿನಲ್ಲಿರಬೇಕು. ಆ ಕೊರತೆಯನ್ನು ಒಬ್ಬ ಸ್ವಾಮಿಗಳು ತುಂಬಲಾರರು.

ತಲೆಬುರುಡೆಯ ಚಿತ್ರದಿಂದ ಸಂಘದವರೆಗೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಬಂತು. ಆಗಿನ ಗೋಡೆಬರಹಗಳು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ತಲೆಬುರುಡೆ, ಅಡ್ಡ ಮೂಳೆ, 'ಏಡ್ಸ್ ಎಂದರೆ ಸಾವು'. ಹೆದರಿಸಿದರೆ ಜನ ಸುಧಾರಿಸುತ್ತಾರೆಂಬ ನಂಬಿಕೆ ಅದರ ಹಿಂದಿತ್ತು. ಮೊದಲೇ ಅಂಜಿದ ಮಂದಿಯನ್ನು ಇನ್ನಷ್ಟು ಅಂಜಿಸಿದರೆ ಅವರು ಆಸ್ಪತ್ರೆಯ ಕಡೆ ಬರುವುದಿಲ್ಲ, ಅಡಗುತ್ತಾರೆ. ಆ ಚಿತ್ರಗಳು ಉಳಿಸಿದ ಜೀವಕ್ಕಿಂತ ಮಾಡಿದ ಹಾನಿ ಹೆಚ್ಚೆಂದೇ ನನ್ನ ಅಭಿಪ್ರಾಯ. ಸೋಂಕಿತರ ಹೆಣ ಹೊರಲು ಜನ ಬಾರದ, ಅವರ ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸಿದ ಸುದ್ದಿಗಳು ಆ ಕಾಲದ ಪತ್ರಿಕೆಗಳ ತುಂಬ ಇವೆ.

ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಮನೆಮನೆಗೆ ಹೋಗಿ ನಡೆಸಿದ ರಕ್ತಪರೀಕ್ಷೆಯಲ್ಲಿ ವಯಸ್ಕರ 2.9 ಪ್ರತಿಶತ ಮಂದಿಗೆ ಸೋಂಕು ಕಂಡಿತು. ಇದು ಲೈಂಗಿಕ ಕಾರ್ಯಕರ್ತೆಯರ ಅಥವಾ ಲಾರಿ ಚಾಲಕರ ಲೆಕ್ಕವಲ್ಲ. ಸಾಮಾನ್ಯ ಸಂಸಾರಸ್ಥರ ಲೆಕ್ಕ. ನೂರರಲ್ಲಿ ಮೂವರು ಎಂದರೆ ಒಂದು ಓಣಿಯಲ್ಲಿ ಒಂದು ಮನೆ. ಕೆನಡಾದ ನೆರವಿನ ಯೋಜನೆ ಅಲ್ಲಿ ಆಗಲೇ ಕೆಲಸ ಮಾಡುತ್ತಿತ್ತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾಯಿತು. ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆಯ ಹಣವೂ ಹರಿದುಬಂತು.

ಹಣಕ್ಕಿಂತ ಮುಖ್ಯವಾದದ್ದು ಕೆಲಸದ ದಿಕ್ಕು ಬದಲಾದದ್ದು. ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆ 1990ರ ದಶಕದಲ್ಲಿ ಮಾಜಿ ದೇವದಾಸಿಯರ ಸ್ವಸಹಾಯ ಗುಂಪುಗಳನ್ನು ಕಟ್ಟಿತ್ತು. 1997ರಲ್ಲಿ ಆ ಗುಂಪುಗಳು ಮಾಸ್ ಎಂಬ ತಮ್ಮದೇ ಸಂಸ್ಥೆಯಾದವು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಾಗಲಕೋಟೆಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಕಟ್ಟಿದರು. ಸಂಘ ಬಂದ ಮೇಲೆ ನಿರೋಧ್ ಹಂಚುವುದು ಕೆಲಸದ ಒಂದು ಪಾಲು ಮಾತ್ರವಾಯಿತು. ಪೊಲೀಸರು ಹೊಡೆದರೆ ಠಾಣೆಗೆ ಕೂಡಿ ಹೋಗುವುದು, ರೇಷನ್ ಕಾರ್ಡು ಮಾಡಿಸುವುದು, ಖಾಯಂ ಸಂಗಾತಿಯ ಹೊಡೆತದ ಬಗ್ಗೆ ಬಾಯಿ ಬಿಡುವುದು ಇವೂ ಸೇರಿಕೊಂಡವು. ಹೊಡೆತ ತಿಂದ ಹೆಂಗಸು ನಿರೋಧ್ ಬಳಸುವುದು ಕಡಿಮೆ ಎಂಬುದು ಇದೇ ಜಿಲ್ಲೆಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿತು. ಬೆಂಗಳೂರಿನಲ್ಲಿ ಫ್ರೀಡಂ ಫೌಂಡೇಶನ್ ಎಂಬ ಸಂಸ್ಥೆ ಇದೇ ಸಂಬಂಧವನ್ನು ಇನ್ನೊಂದು ತುದಿಯಿಂದ ಕಂಡುಕೊಂಡಿತು. ಅದು ಹುಟ್ಟಿದ್ದು ಕುಡಿತ, ಮಾದಕ ವ್ಯಸನ ಬಿಡಿಸಲು. ಬಂದವರಲ್ಲಿ ಸೋಂಕಿತರನ್ನು ಬೇರೆ ಯಾರೂ ಸೇರಿಸಿಕೊಳ್ಳದಿದ್ದಾಗ ಎಚ್‌ಐವಿ ಆರೈಕೆಗೂ ಕೈ ಹಾಕಿತು.

2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಗುಳಿಗೆ ಉಚಿತವಾಗಿ ಸಿಗತೊಡಗಿತು. ಮೊದಲ ಕಂತಿನ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಾವು ಇಳಿಯಿತು, ಹೊಸ ಸೋಂಕೂ ಇಳಿಯಿತು.

ಶಾಲೆಯ ಬಾಗಿಲಲ್ಲಿ

ದೊಡ್ಡವರ ಕೆಲಸ ಹೀಗೆ ದಾರಿ ಹಿಡಿಯಿತು. ಎಳೆಯರದು ಇನ್ನೂ ಕಠಿಣ. 2005ರಲ್ಲಿ ಕೇಂದ್ರ ಸರ್ಕಾರ ಹರೆಯದ ಶಿಕ್ಷಣ ಕಾರ್ಯಕ್ರಮ ತಂದಾಗ ಚಿತ್ರಗಳು ಅಶ್ಲೀಲ ಎಂಬ ಗಲಾಟೆಯೆದ್ದು 2007ರ ಹೊತ್ತಿಗೆ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಕರ್ನಾಟಕವೂ ಅವುಗಳಲ್ಲೊಂದು. ಹನ್ನೆರಡಕ್ಕೆ ಮುತ್ತು, ಹದಿನಾಲ್ಕಕ್ಕೆ ಮದುವೆ ನಡೆಯುವ ಊರುಗಳಲ್ಲಿ ಒಂಬತ್ತನೆಯ ತರಗತಿಯ ಪುಸ್ತಕದ ಚಿತ್ರಕ್ಕೆ ನಾಚಿಕೊಂಡೆವು.

ಪುಸ್ತಕದ ಆಚೆಗೆ ನಡೆದ ದೊಡ್ಡ ಪ್ರಯತ್ನ 'ಸಮತಾ'. ಲೈಂಗಿಕ ವೃತ್ತಿಗೆ ಬೀಳುವ ವಯಸ್ಸು ಹದಿನೈದು ಎಂದಮೇಲೆ ತಡೆಯ ಕೆಲಸ ಹದಿಮೂರಕ್ಕೇ ಶುರುವಾಗಬೇಕು ಎಂಬುದು ಅದರ ತರ್ಕ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಗ್ರಾಮ ಗುಚ್ಛಗಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧಕ್ಕೆ ಕಾರ್ಯಕ್ರಮ ಕೊಟ್ಟು ಇನ್ನರ್ಧವನ್ನು ಹೋಲಿಕೆಗೆ ಇರಿಸಿಕೊಂಡರು. ಪರಿಶಿಷ್ಟ ಜಾತಿ, ಪಂಗಡಗಳ ಸುಮಾರು 2,450 ಹುಡುಗಿಯರು 13-14ರ ವಯಸ್ಸಿನಿಂದ ಹತ್ತನೆಯ ತರಗತಿ ಮುಗಿಯುವವರೆಗೆ ಶಾಲೆಯಲ್ಲಿ ಉಳಿಯುತ್ತಾರೆಯೇ, ಮದುವೆ ಮುಂದೆ ಹೋಗುತ್ತದೆಯೇ ಎಂದು ನೋಡಿದರು. ಹುಡುಗಿಯರ ಗುಂಪು, ಹೆತ್ತವರ ಮನೆ ಭೇಟಿ, ಶಾಲಾಭಿವೃದ್ಧಿ ಸಮಿತಿ, ಹುಡುಗರಿಗೆ ಆಟದ ನೆಪದಲ್ಲಿ ಪಾಠ, ಎಲ್ಲವೂ ಇತ್ತು.

2017ರಲ್ಲಿ ಲೆಕ್ಕ ಹಾಕಿದಾಗ ಎರಡೂ ಗುಂಪುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಹತ್ತರಲ್ಲಿ ಒಬ್ಬಳ ಮದುವೆಯಾಗಿತ್ತು, ನಾಲ್ವರಲ್ಲಿ ಒಬ್ಬಳು ಪ್ರೌಢಶಾಲೆ ಮುಗಿಸಿರಲಿಲ್ಲ. ಸೋಲನ್ನು ಮುಚ್ಚಿಡದೆ ಪ್ರಕಟಿಸಿದ್ದು ಆ ಸಂಶೋಧಕರ ದೊಡ್ಡತನ. ಗೆಲುವಿನ ಹತ್ತು ವರದಿಗಳಿಗಿಂತ ಇದು ಹೆಚ್ಚು ಉಪಯುಕ್ತ. ಕಾರ್ಯಕ್ರಮವಿಲ್ಲದ ಹಳ್ಳಿಗಳಲ್ಲೂ ಮೂರು ಪಾಲು ಹುಡುಗಿಯರು ಶಾಲೆ ಮುಗಿಸಿದ್ದರು ಎಂಬುದನ್ನು ಗಮನಿಸಬೇಕು. ಸುತ್ತಲಿನ ಕಾಲವೇ ಬದಲಾಗಿತ್ತು. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತ್ತು, ಹಾಸ್ಟೆಲುಗಳು ಹೆಚ್ಚಿದ್ದವು, ಓದಿದ ಹುಡುಗಿಯನ್ನು ಕಂಡ ಅವ್ವಂದಿರು ಹೆಚ್ಚಿದ್ದರು. ಉಳಿದ ಆ ನಾಲ್ಕನೆಯ ಹುಡುಗಿಯನ್ನು ಗುಂಪು ಸಭೆಗಳು ಮುಟ್ಟಲಿಲ್ಲ. ಅವಳ ಮನೆಯ ಬಡತನ, ಅಪ್ಪನ ಕುಡಿತ, ಅವ್ವನ ಕಾಯಿಲೆ ಒಂದು ಕಾರ್ಯಕ್ರಮದ ಕೈಗೆ ಮೀರಿದ್ದವು.

ಅಪ್ಪ ಎಂದೊಡನೆ ಇನ್ನೊಂದು ಸಂಗತಿ. ದೇವದಾಸಿಯ ಮಗು ಮೊದಲ ಬಾರಿ ಎಲ್ಲರೆದುರು ತಲೆ ತಗ್ಗಿಸುವುದು ಶಾಲೆಗೆ ಸೇರುವ ದಿನ. ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಗೆರೆ. ಮಾಸ್ತರರು ಕೇಳುತ್ತಾರೆ, ಅವ್ವ ನೆಲ ನೋಡುತ್ತಾಳೆ, ಹಿಂದೆ ನಿಂತವರು ನಗುತ್ತಾರೆ. ಹೊಡೆತವಿಲ್ಲ, ರಕ್ತವಿಲ್ಲ, ಆದರೂ ಗಾಯ. ಹಾಜರಿ ಪುಸ್ತಕ, ಜಾತಿ ಪ್ರಮಾಣಪತ್ರ, ಬ್ಯಾಂಕಿನ ಖಾತೆ, ಪ್ರತಿ ಅರ್ಜಿಯಲ್ಲೂ ಅದೇ ಗೆರೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 1993-94ರ ಸಮೀಕ್ಷೆಯಲ್ಲಿ 22,873, 2007-08ರ ಸಮೀಕ್ಷೆಯಲ್ಲಿ ಮತ್ತೆ 23,787, ಒಟ್ಟು 46,660 ದೇವದಾಸಿಯರ ಪಟ್ಟಿಯಾಯಿತು. ಅವರಿಗೆ ಮಾಸಾಶನ, ಮನೆ, ಸಾಲ ಎಂದೆಲ್ಲ ಯೋಜನೆ ಬಂದವು. ಪಟ್ಟಿಯಲ್ಲಿ ಹೆಸರಿಲ್ಲದ ತಾಯಂದಿರ ಮಕ್ಕಳು ಹೊರಗೇ ಉಳಿದರು. 2025ರಲ್ಲಿ ಶಾಸನಸಭೆ ಒಪ್ಪಿದ ಹೊಸ ದೇವದಾಸಿ ಮಸೂದೆ ಕೊನೆಗೂ ಆ ಗೆರೆಗೆ ಕೈಹಾಕಿತು. ಮಗುವಿನ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ, ಮಗು ಬೇಕೆಂದರೆ ತಂದೆ ಯಾರೆಂದು ಸಾಧಿಸುವ ಹಕ್ಕೂ ಇದೆ ಎಂದಿತು. ಇದನ್ನು ಕೇವಲ ಗೌರವದ ಪ್ರಶ್ನೆ ಎಂದು ತಿಳಿಯಬಾರದು. ನಗೆಪಾಟಲಿಗೆ ಹೆದರಿ ಶಾಲೆ ಬಿಟ್ಟ ಹುಡುಗ ಹನ್ನೆರಡಕ್ಕೆ ಗುಟ್ಕಾ, ಹದಿನಾಲ್ಕಕ್ಕೆ ಕ್ವಾರ್ಟರ್ ಹಿಡಿಯುವುದು ಈ ಕಡೆಯ ಯಾವ ಮೇಷ್ಟ್ರಿಗೂ ಹೊಸ ಸುದ್ದಿಯಲ್ಲ. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತೆಂಬುದೂ ಅವರಿಗೆ ಗೊತ್ತು.

ಇಂಥ ಮಕ್ಕಳಿಗೆ ಎಲ್ಲಿ ಬಾಗಿಲು ತೆರೆದಿದೆ? 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇವೆ. ಹೆಸರು ಚೆಂದ. ಒಳಗೆ ಹೋಗಲು ಎಳೆಯರು ಹಿಂಜರಿಯುತ್ತಾರೆ. ಅದಕ್ಕೆ ಕಾನೂನಿನ ಒಂದು ತೊಡಕೂ ಕಾರಣ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನವರ ಯಾವ ಲೈಂಗಿಕ ಸಂಪರ್ಕವೂ ಅಪರಾಧ, ತಿಳಿದುಬಂದರೆ ವೈದ್ಯರು ಪೊಲೀಸರಿಗೆ ಹೇಳಲೇಬೇಕು. ಮಕ್ಕಳನ್ನು ಕಾಯಲು ಮಾಡಿದ ಈ ಕಟ್ಟಳೆ ಅವಶ್ಯವೇ. ಆದರೆ ಎಚ್‌ಐವಿ ಪರೀಕ್ಷೆಗೆ ಬರಬೇಕಾದ ಹುಡುಗಿ 'ಹೇಳಿದರೆ ಪೊಲೀಸು ಮನೆಗೆ ಬರುತ್ತಾರೆ' ಎಂದು ಅಂಜಿ ಹಿಂದಿರುಗುವುದೂ ಇದೆ. ಸಾಂಗ್ಲಿಯ ಹೆಂಗಸರು ಬೇರೆ ದಾರಿ ಹುಡುಕಿದರು. ಅವರ ಸಂಘಟನೆ ನಿಪ್ಪಾಣಿಯಲ್ಲಿ ತಮ್ಮ ಮಕ್ಕಳಿಗಾಗಿ 'ಮಿತ್ರ' ಎಂಬ ವಸತಿಗೃಹ ನಡೆಸುತ್ತದೆ. ಅಲ್ಲಿ ಅವ್ವ ಏನು ಕೆಲಸ ಮಾಡುತ್ತಾಳೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

2017ರಲ್ಲಿ ಸಂಸತ್ತು ಒಪ್ಪಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯಲ್ಲಿ ಒಂದು ಕಲಮು ಇದೆ. ಅದರ ಬಗ್ಗೆ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಏಡ್ಸ್‌ನಿಂದ ನೊಂದ ಮನೆಯಲ್ಲಿ ಹನ್ನೆರಡು ತುಂಬಿದ, ಹದಿನೆಂಟು ತುಂಬದ ಅಕ್ಕನೋ ಅಣ್ಣನೋ ಸಂಸಾರ ನಡೆಸುತ್ತಿದ್ದರೆ, ತಿಳಿವಳಿಕೆ ಬಂದಿದ್ದರೆ, ತಮ್ಮ ತಂಗಿಯರಿಗೆ ಅವರೇ ಪಾಲಕರಾಗಬಹುದು ಎನ್ನುತ್ತದೆ ಅದು. ಶಾಲೆಗೆ ಸೇರಿಸಲು, ಔಷಧಿ ಕೊಡಿಸಲು, ಬ್ಯಾಂಕಿನ ಖಾತೆ ನೋಡಿಕೊಳ್ಳಲು, ಆಸ್ತಿ ಕಾಯಲು ಆ ಮಗುವಿನ ಸಹಿ ಸಾಕು. ಅವ್ವ ಅಪ್ಪ ಇಬ್ಬರೂ ಹೋದ ಮೇಲೆ ಒಲೆ ಹೊತ್ತಿಸುತ್ತ, ತಮ್ಮನಿಗೆ ಗುಳಿಗೆ ನುಂಗಿಸುತ್ತ, ಕೂಲಿಗೆ ಹೋಗುತ್ತ ಬಂದ ಮಕ್ಕಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊದಲೂ ಇದ್ದರು. ಕಾಯ್ದೆಯ ಪುಸ್ತಕದಲ್ಲಿ ಅವರಿಗೆ ಜಾಗ ಸಿಕ್ಕದ್ದು ಆಗ.